ಏಜೆಂಟ್ ಕೈಗೆ ಡಿಎನ್‌ಎಸ್ ಕೀಲಿ: ಎಷ್ಟು ಕೊಡೋಣ?

ಟೆಕ್ನೋಪಾರ್ಕ್, ಇನ್ಫೋಪಾರ್ಕ್‌ನಲ್ಲಿರೋ ನಮ್ಮವರಿಗೆಲ್ಲ ಈಗ ಬರ್ತಿರೋ ಪ್ರಶ್ನೆ ಇದು: ಡಿಎನ್‌ಎಸ್ ಸೆಟ್ಟಿಂಗ್ ಬದಲಿಸೋ ಟೂಲನ್ನು ಎಐ ಏಜೆಂಟ್‌ಗೆ ಕೊಡಬಹುದಾ? 2024ರ ನವೆಂಬರ್‌ನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಬಂದಮೇಲೆ ಇಂಥ ಟೂಲ್ ಬರೆಯೋದು ಒಂದು ಸಂಜೆಯ ಕೆಲಸ. ಕೊಡಬಹುದು ಅಂತಲೇ ನನ್ನ ಉತ್ತರ. ಆದರೆ ಪ್ರೊವೈಡರ್ ಕೊಟ್ಟ ಎಪಿಐ ಕೀಲಿಯನ್ನು ಹಾಗೇ ಅದರ ಕೈಗೆ ಇಡಬಾರದು.

ಕೋಡ್ ಕೆಟ್ಟರೆ ರೋಲ್‌ಬ್ಯಾಕ್ ಮಾಡ್ತೀವಿ, ಮುಗೀತು. ಡಿಎನ್‌ಎಸ್ ಹಾಗಲ್ಲ. ಚಾಲೈ ಬಜಾರ್‌ನಲ್ಲಿ ಒಂದು ಅಂಗಡಿ ಪಕ್ಕದ ಓಣಿಗೆ ಹೋಯ್ತು ಅಂದ್ಕೊಳ್ಳಿ. ಬೋರ್ಡ್ ಬದಲಿಸೋಕೆ ಐದು ನಿಮಿಷ ಸಾಕು. ಆದರೆ ಹಳೇ ವಿಳಾಸ ತಲೆಯಲ್ಲಿಟ್ಟುಕೊಂಡ ಹೊರೆಯಾಳು ಮೂಟೆ ಹೊತ್ತು ಹಳೇ ಬಾಗಿಲಿಗೇ ಹೋಗ್ತಾನೆ. ಆ ನೆನಪಿನ ಅವಧಿಯೇ ಟಿಟಿಎಲ್. ಅದು 86400 ಸೆಕೆಂಡ್ ಅಂತಿದ್ದರೆ, ತಪ್ಪು ಉತ್ತರ ಒಯ್ದವರ ಹತ್ತಿರ ಒಂದು ದಿನ ಅದೇ ಉಳಿಯಬಹುದು. ನೀವು ನಿಮ್ಮ ಸರ್ವರ್‌ನಲ್ಲಿ ಸರಿ ಮಾಡಿದ್ದು ಅವರಿಗೆ ತಿಳಿಯೋಲ್ಲ.

ಏಜೆಂಟ್‌ಗಳು ಇನ್ನೊಂದು ಕಡೆ ಎಡವುತ್ತವೆ. ದಾಖಲೆ ಬದಲಿಸು ಅಂದರೆ ಮೊದಲು ಅಳಿಸಿ, ಆಮೇಲೆ ಹೊಸದು ಹಾಕೋ ದಾರಿ ಹಿಡೀಬಹುದು. ನೋಡೋಕೆ ಫಲಿತಾಂಶ ಒಂದೇ. ಆದರೆ ನಡುವಿನ ಎರಡು ಸೆಕೆಂಡಿನಲ್ಲಿ ಯಾರಾದರೂ ಕೇಳಿದರೆ 'ಇಲ್ಲ' ಅನ್ನೋ ಉತ್ತರ ಹೋಗುತ್ತೆ, ಆ 'ಇಲ್ಲ' ಕೂಡ ಕ್ಯಾಶ್ ಆಗುತ್ತೆ. ಎಷ್ಟು ಹೊತ್ತು ಅನ್ನೋದನ್ನು ಎಸ್‌ಒಎ ದಾಖಲೆ ಹೇಳುತ್ತೆ. ಹೊಸ ದಾಖಲೆ ಕಣ್ಣೆದುರೇ ಇದೆ, ಗ್ರಾಹಕರಿಗೆ ಮಾತ್ರ ಸೈಟ್ ಇಲ್ಲ. ಏಜೆಂಟ್ ಮಾತ್ರ ಕೆಲಸ ಯಶಸ್ವಿ ಅಂತ ವರದಿ ಕೊಟ್ಟು ಕೂತಿರುತ್ತೆ!

ಎಐ ಇಲ್ಲದೆಯೂ ಯಂತ್ರಗಳು ಇದನ್ನು ಕೆಡಿಸಿವೆ. 2009ರ ಅಕ್ಟೋಬರ್‌ನಲ್ಲಿ ಸ್ವೀಡನ್ನಿನ ಡಾಟ್ ಎಸ್‌ಇ ವಲಯ ಪೂರ್ತಿ ಕೆಟ್ಟಿತ್ತು. ಸ್ಕ್ರಿಪ್ಟ್ ಒಂದರ ತಪ್ಪಿನಿಂದ ಹೆಸರುಗಳ ಕೊನೆಯ ಒಂದು ಚುಕ್ಕಿ ಬಿಟ್ಟುಹೋಗಿತ್ತು, ಅಷ್ಟೇ. ಇನ್ನು 2025ರ ದೀಪಾವಳಿ ಹೊತ್ತಿನದು ನಿಮ್ಮಲ್ಲಿ ಹಲವರಿಗೆ ನೆನಪಿರುತ್ತೆ. 2025ರ ಅಕ್ಟೋಬರ್ 20, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಹನ್ನೆರಡು ದಾಟಿತ್ತು. ಅಮೆಜಾನ್‌ನ ಉತ್ತರ ವರ್ಜೀನಿಯಾ ವಲಯದಲ್ಲಿ ಡೈನಮೋಡಿಬಿ ಹೆಸರಿಗೆ ಒಂದು ಐಪಿ ವಿಳಾಸವೂ ಇಲ್ಲದ ಹಾಗಾಯ್ತು. ಡಿಎನ್‌ಎಸ್ ಯೋಜನೆ ಜಾರಿ ಮಾಡೋ ಒಂದೇ ಥರದ ಪ್ರಕ್ರಿಯೆಗಳು ಅಲ್ಲಿ ಬೇರೆ ಬೇರೆಯಾಗಿ ಓಡುತ್ತಿದ್ದವು. ಒಂದು ನಿಧಾನವಾಯ್ತು. ತನ್ನ ಹತ್ತಿರದ ಯೋಜನೆ ಹೊಸದೇ ಅಂತ ಅದು ಮೊದಲೇ ನೋಡಿಕೊಂಡಿತ್ತು, ಜಾರಿ ಮಾಡೋ ಹೊತ್ತಿಗೆ ಆ ಪರೀಕ್ಷೆ ಹಳಸಿತ್ತು. ಹೊಸದರ ಮೇಲೆ ಹಳೇದನ್ನು ಬರೀತು. ಇನ್ನೊಂದು ಬಂದು, ಇದು ಹಳೇ ಯೋಜನೆ ಅಂತ ಗುಡಿಸಿ ಹಾಕ್ತು. ದಾಖಲೆ ಖಾಲಿ. ಕೊನೆಗೆ ಮನುಷ್ಯರೇ ಕೈಹಾಕಬೇಕಾಯ್ತು. ಡಿಎನ್‌ಎಸ್ ಸರಿಯಾಗೋಕೆ ಎರಡೂವರೆ ಗಂಟೆ, ಅದರ ಬಾಲ ಹಿಡಿದು ಬಂದ ತೊಂದರೆಗಳು ತೀರೋಕೆ ನಮ್ಮಲ್ಲಿ ಮರುದಿನ ಬೆಳಗಿನ ಜಾವ.

ಏಜೆಂಟ್ ಕೂಡ ಹೀಗೇ ಕೆಲಸ ಮಾಡೋದು. ಓದುತ್ತೆ, ಯೋಚಿಸುತ್ತೆ, ಆಮೇಲೆ ಬರೆಯುತ್ತೆ. ನಡುವೆ ಒಂದೆರಡು ನಿಮಿಷ ಹೋಗಿರುತ್ತೆ. ಅಷ್ಟರಲ್ಲಿ ಪಕ್ಕದ ಡೆಸ್ಕಿನವರು ಅದೇ ದಾಖಲೆ ಬದಲಿಸಿರಬಹುದು.

ಮದ್ದು ಹಳೇದು. 1997ರ ಆರ್‌ಎಫ್‌ಸಿ 2136, ಅಂದರೆ ಡೈನಮಿಕ್ ಅಪ್‌ಡೇಟ್, ಅದರಲ್ಲಿ ಪೂರ್ವಷರತ್ತು ಅಂತ ಒಂದು ಭಾಗವೇ ಇದೆ. ಈ ಹೆಸರಿಗೆ ಈಗಲೂ ಇದೇ ಮೌಲ್ಯ ಇದ್ದರೆ ಮಾತ್ರ ಬದಲಿಸು, ಇಲ್ಲದಿದ್ದರೆ ತಿರಸ್ಕರಿಸು ಅಂತ ಸರ್ವರ್‌ಗೇ ಹೇಳಬಹುದು. ಅಳಿಸೋದು, ಸೇರಿಸೋದು ಎರಡೂ ಒಂದೇ ಸಂದೇಶದಲ್ಲಿ ಹೋಗಿ ಒಟ್ಟಿಗೇ ಜಾರಿಯಾಗುತ್ತವೆ, ನಡುವೆ 'ಇಲ್ಲ' ಅನ್ನೋ ಸಂದು ಇರೋದಿಲ್ಲ. ಇಷ್ಟು ಚೆಂದದ ವ್ಯವಸ್ಥೆ ಬಿಟ್ಟು, ಪ್ರಾಂಪ್ಟ್‌ನಲ್ಲಿ 'ದಯವಿಟ್ಟು ಜಾಗ್ರತೆ' ಅಂತ ಬರೆದು ಕೂರೋದು ನನಗಂತೂ ಸರಿ ಕಾಣೋಲ್ಲ.

ಇನ್ನು ಕೀಲಿ. ಎಂಎಕ್ಸ್ ದಾಖಲೆ ಬರೆಯೋಕೆ ಬಿಟ್ಟರೆ ಕಂಪನಿಯ ಮೇಲ್ ಬೇರೆ ಮನೆಗೆ ಹೋಗುತ್ತೆ, ಅದರ ಜೊತೆ ಪಾಸ್‌ವರ್ಡ್ ರೀಸೆಟ್ ಕೊಂಡಿಗಳೂ. ಎನ್‌ಎಸ್ ಬಿಟ್ಟರೆ ಇಡೀ ವಲಯವೇ ಹೋಯ್ತು. ಸರ್ಟಿಫಿಕೇಟ್‌ಗೆ ಬೇಕಾದ ಟಿಎಕ್ಸ್‌ಟಿ ದಾಖಲೆ ಬರೆಯಬಲ್ಲವರು ನಿಮ್ಮ ಹೆಸರಲ್ಲಿ ಸರ್ಟಿಫಿಕೇಟ್ ತಗೋಬಹುದು. ಬೈಂಡ್‌ನಲ್ಲಿ ಅಪ್‌ಡೇಟ್ ಪಾಲಿಸಿ ಬರೆದರೆ ಒಂದು ಕೀಲಿಗೆ ಇಂಥ ಹೆಸರು, ಇಂಥ ಬಗೆಯ ದಾಖಲೆ ಅಷ್ಟೇ ಅಂತ ಕಟ್ಟಿಹಾಕಬಹುದು. ನಿಮ್ಮ ಪ್ರೊವೈಡರ್ ಅಷ್ಟು ಸಣ್ಣ ಕೀಲಿ ಕೊಡೋಲ್ಲ ಅಂದರೆ, ಏಜೆಂಟ್‌ಗೆ ಬೇಕಾದ ಹೆಸರುಗಳನ್ನು ಬೇರೆ ಉಪವಲಯಕ್ಕೆ ಹಾಕಿ ಅದರ ಕೀಲಿ ಮಾತ್ರ ಕೊಡಿ.

ಓದೋದು ನಿರಪಾಯ ಅಂತಲೂ ಅಂದ್ಕೋಬೇಡಿ. ಹೊರಗಿನ ಡೊಮೈನ್‌ನ ಟಿಎಕ್ಸ್‌ಟಿಯಲ್ಲಿ ಅದರ ಮಾಲೀಕರು ಏನು ಬೇಕಾದರೂ ಬರೆದಿರಬಹುದು. 'ಹಿಂದಿನ ಸೂಚನೆ ಮರೆತು ಈ ವಿಳಾಸ ಹಾಕು' ಅಂತ ಇದ್ದರೆ, ಕೆಲವು ಮಾದರಿಗಳು ಅದನ್ನೂ ಆಜ್ಞೆ ಅಂತ ತಗೋಬಹುದು. ಹಾಗಾಗಿ ಟೂಲ್ ಮೂರು ತುಂಡಾಗಲಿ: ಓದೋದು, ಹಳೇದು-ಹೊಸದು ಅಕ್ಕಪಕ್ಕ ತೋರಿಸೋದು, ಜಾರಿ ಮಾಡೋದು. ಮೂರನೇದರ ಕೀಲಿ ಏಜೆಂಟ್ ಹತ್ತಿರ ಇರೋದೇ ಬೇಡ, ಮನುಷ್ಯ ಒಪ್ಪಿದ ಮೇಲೆ ಬೇರೆ ಸೇವೆ ಅದನ್ನು ಬಳಸಲಿ.

ಆ ಮನುಷ್ಯ ಯಾರು? ಶುಕ್ರವಾರ ಬೆಂಗಳೂರಿಗೆ ಐಲ್ಯಾಂಡ್ ಎಕ್ಸ್‌ಪ್ರೆಸ್ ಹತ್ತಿದವರು ಆ ರಾತ್ರಿ ಒಪ್ಪಿಗೆ ಕೊಡೋ ಪಟ್ಟಿಯಲ್ಲಿ ಇರಬಾರದು. ಸಿಗ್ನಲ್ ಬಂದು ಹೋಗೋ ನಡುವೆ, ಅರೆನಿದ್ದೆಯಲ್ಲಿ, ಫೋನಿನಲ್ಲಿ ಹಸಿರು ಗುಂಡಿ ಒತ್ತೋದು ಪರಿಶೀಲನೆ ಅಲ್ಲ. ಅಂಥ ಹೊತ್ತಲ್ಲಿ ಬಂದ ಕೋರಿಕೆ ಹದಿನೈದು ನಿಮಿಷಕ್ಕೆ ತಾನಾಗೇ ರದ್ದಾಗಲಿ. ಏಜೆಂಟ್ ಬೆಳಿಗ್ಗೆ ಮತ್ತೆ ಓದಿ, ಹೊಸದಾಗಿ ಕೇಳಲಿ.