ಹಿಡಿಯಕ್ಕಿಯ ಮೇಲೆ ನಿಂತ ಸಭೆ: ಬಿಷಪ್ ಅಜರಯ್ಯ

ವಿಜಯವಾಡ ಎಂದೊಡನೆ ಇಂದ್ರಕೀಲಾದ್ರಿಯ ಕನಕದುರ್ಗೆ ನೆನಪಾಗುತ್ತಾಳೆ. ಅದೇ ಊರಿನಲ್ಲಿ ಬಿಷಪ್ ಅಜರಯ್ಯನವರ ಹೆಸರಿನ ಹೆಣ್ಣುಮಕ್ಕಳ ಶಾಲೆಯೂ ಇದೆ. ಇಂದು ಅವರ ಬದುಕಿನ ಬಗ್ಗೆ ಮಾತಾಡೋಣ.

ಆಂಗ್ಲಿಕನ್ ಸಭೆಯಲ್ಲಿ ಬಿಷಪ್ಪರ ಪೀಠವಿರುವ ಚರ್ಚೇ ಕೆಥೆಡ್ರಲ್. ಇಂಗ್ಲೆಂಡಿನಲ್ಲಿ ಅಲ್ಲಿನ ಆರಾಧನೆ, ಗಾಯನ, ಕಟ್ಟಡದ ಉಸ್ತುವಾರಿ ಡೀನ್ ಎಂಬ ಪಾದ್ರಿಯದು. ಇಡೀ ಧರ್ಮಪ್ರಾಂತ್ಯದ ಹೊಣೆ ಬಿಷಪ್ಪರದು. ವಿಜಯವಾಡ–ಕಾಜಿಪೇಟೆ ರೈಲುದಾರಿಯ ದೋರ್ನಕಲ್ಲಿಗೆ ಅಜರಯ್ಯ ಬಿಷಪ್ ಆದಾಗ ಅಲ್ಲಿ ಕೆಥೆಡ್ರಲೇ ಇರಲಿಲ್ಲ. ಅದನ್ನು ಕಟ್ಟಿಸುವ ಕೆಲಸವೂ ಅವರ ಪಾಲಿಗೇ ಬಂತು.

ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ ಹುಟ್ಟಿದ್ದು 1874ರಲ್ಲಿ, ತಿರುನೆಲ್ವೇಲಿ ಸೀಮೆಯ ವೆಳ್ಳಾಲನ್‌ವಿಳೈ ಎಂಬ ಹಳ್ಳಿಯಲ್ಲಿ, ಸಭಾಪಾಲಕರೊಬ್ಬರ ಮಗನಾಗಿ. ಕ್ರೈಸ್ತ ಯುವಕರ ಸಂಘವಾದ ವೈ.ಎಂ.ಸಿ.ಎ.ಯ ಕಾರ್ಯದರ್ಶಿಯಾಗಿ ದಕ್ಷಿಣ ಭಾರತವನ್ನೆಲ್ಲ ಸುತ್ತಿದರು. 1910ರ ಎಡಿನ್‌ಬರೊ ಮಿಷನರಿ ಮಹಾಸಮ್ಮೇಳನದಲ್ಲಿ, ನಿಮ್ಮ ತ್ಯಾಗ ದೊಡ್ಡದು, ಆದರೆ ನಮಗೆ ಬೇಕಿರುವುದು ನಿಮ್ಮ ಸ್ನೇಹ ಎಂಬ ಅರ್ಥದ ಮಾತನ್ನು ಬಿಳಿಯ ಮಿಷನರಿಗಳ ಮುಂದೆ ನೇರವಾಗಿ ಆಡಿದರು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅವರಿಗೆ ಬಿಷಪ್ ದೀಕ್ಷೆಯಾಯಿತು. ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಅವರು. ಭಾರತೀಯನ ಕೈಕೆಳಗೆ ಕೆಲಸ ಮಾಡಲು ಒಪ್ಪದ ಯೂರೋಪಿಯನ್ನರೂ ಇದ್ದರು. ಆದರೆ ಧರ್ಮಪ್ರಾಂತ್ಯ ಬೆಳೆದು ಕೃಷ್ಣಾ ಜಿಲ್ಲೆಯೂ, ಆಗ ಬೆಜವಾಡ ಎನ್ನುತ್ತಿದ್ದ ವಿಜಯವಾಡವೂ ಅವರ ಆಡಳಿತಕ್ಕೆ ಸೇರಿದವು.

ತಮಿಳರಾದ ಅವರು ತೆಲುಗು ಕಲಿತು, ಎತ್ತಿನಗಾಡಿಯಲ್ಲಿ ಹಳ್ಳಿ ಹಳ್ಳಿ ತಿರುಗಿದರು. ಸಭೆಗೆ ಬಂದವರಲ್ಲಿ ಹೆಚ್ಚಿನವರು ಮಾಲ, ಮಾದಿಗ ಸಮುದಾಯದ ಕೂಲಿಕಾರರು. ಬಡವರೆಂದು ಅವರನ್ನು ಬೇಡುವವರಾಗಿ ಉಳಿಸಲು ಅಜರಯ್ಯ ಒಪ್ಪಲಿಲ್ಲ. ಅವರ ಸಭೆಯ ಮನೆಗಳಲ್ಲಿ ಅಡುಗೆಗೆ ಅಕ್ಕಿ ಅಳೆಯುವಾಗ ಗೃಹಿಣಿ ಒಂದು ಹಿಡಿ ಬೇರೆ ಗಡಿಗೆಗೆ ಹಾಕುವಳು. ಅದನ್ನು ಆರಾಧನೆಗೆ ಬರುವಾಗ ತಂದೊಪ್ಪಿಸುವಳು. ಕೊಡುವ ಕೈಗೆ ಘನತೆ ಬರುತ್ತದೆ ಎಂಬ ಅವರ ನಂಬಿಕೆ ಈ ಹಿಡಿಯಕ್ಕಿಯಲ್ಲಿತ್ತು.

ದೋರ್ನಕಲ್ಲಿನ ಕೆಥೆಡ್ರಲ್ 1939ರ ಜನವರಿ 6ರಂದು ಪ್ರತಿಷ್ಠೆಯಾಯಿತು. ಇಂಗ್ಲೆಂಡಿನ ಚೂಪು ಗೋಪುರದ ಬದಲು ಗುಮ್ಮಟಗಳು, ಮಂಟಪವನ್ನು ನೆನಪಿಸುವ ಕಂಬಗಳು: ಇಲ್ಲಿನ ಗುಡಿ, ಮಸೀದಿಗಳ ಶೈಲಿಯೇ ಅಲ್ಲಿ ಬೆರೆತಿದೆ.

ಕ್ರೈಸ್ತರಿಗೆ ಚುನಾವಣೆಯಲ್ಲಿ ಪ್ರತ್ಯೇಕ ಮತದಾರ ಕ್ಷೇತ್ರ ಬೇಡವೆಂದವರು ಅವರು. ಮತಾಂತರದ ವಿಷಯದಲ್ಲಿ ಗಾಂಧೀಜಿಯವರೊಂದಿಗೆ ಭಿನ್ನಾಭಿಪ್ರಾಯವಿದ್ದರೂ ತಮ್ಮ ನಿಲುವು ಬಿಡಲಿಲ್ಲ. 1919ರಲ್ಲಿ ತರಂಗಂಬಾಡಿಯಲ್ಲಿ ಚರ್ಚ್ ಮುಖಂಡರು ಸೇರಿದ ಸಮ್ಮೇಳನದಿಂದ ಚರ್ಚುಗಳ ಐಕ್ಯಕ್ಕೆ ದುಡಿದರು. ಅದು ಕೈಗೂಡುವ ಮೊದಲೇ, 1945ರ ಜನವರಿ 1ರಂದು ತೀರಿಕೊಂಡರು. 1947ರ ಸೆಪ್ಟೆಂಬರ್ 27ರಂದು ಆ ಐಕ್ಯದ ಫಲವಾದ ದಕ್ಷಿಣ ಭಾರತ ಸಭೆ ಮದ್ರಾಸಿನಲ್ಲಿ ಉದ್ಘಾಟನೆಯಾಯಿತು. ಇಂದು ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ಲೂ ದೋರ್ನಕಲ್ಲಿನ ಕೆಥೆಡ್ರಲ್ಲೂ ಆ ಒಂದೇ ಸಭೆಗೆ ಸೇರಿವೆ. ಪದವಿ ಯಾವುದೇ ಇರಲಿ, ಜನರನ್ನು ತಮ್ಮ ಕಾಲ ಮೇಲೆ ನಿಲ್ಲಿಸುವುದೇ ಅದರ ಕೆಲಸವೆಂದು ಅಜರಯ್ಯ ಬಾಳಿ ತೋರಿಸಿದರು.