ಮಳೆಯ ಮುನ್ಸೂಚನೆ ಎಂದರೇನು?

(ಅಮದಳ್ಳಿಯ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಚಿತ್ತಾ, ಸ್ವಾತಿ ಮಳೆಗಳ ಹೊತ್ತಿಗೆ ನಿಮ್ಮ ಗದ್ದೆಗಳಲ್ಲಿ ಭತ್ತ ಮಾಗಿ ನಿಂತಿರುತ್ತದೆ. ಮಳೆ ಬರಬಹುದೆಂದು ರೇಡಿಯೋದಲ್ಲಿ ಹೇಳುತ್ತಾರೆ. ನೀವು ಕೊಯ್ಲು ನಿಲ್ಲಿಸುತ್ತೀರಿ, ಮಳೆ ಬರುವುದಿಲ್ಲ. ‘ಇವರ ಭವಿಷ್ಯ ಸುಳ್ಳು’ ಎಂದು ಮುಂದಿನ ಸಲ ಕಿವಿಗೊಡದೆ ಕೊಯ್ಯುತ್ತೀರಿ. ಅಂದೇ ಮಳೆ ಸುರಿದರೆ ಕೊಯ್ದ ಪೈರು ನೆನೆದು ಕಾಳು ಮೊಳಕೆಯೊಡೆಯುತ್ತದೆ. ಒಂದು ಮಾತಿನ ಅರ್ಥವನ್ನು ತಪ್ಪಾಗಿ ತಿಳಿದುದೂ ಈ ನಷ್ಟಕ್ಕೆ ಕಾರಣ.

ಜ್ಯೋತಿಷಿಯು ‘ಹೀಗೇ ಆಗುತ್ತದೆ’ ಎಂದು ಹೇಳುವುದನ್ನು ಭವಿಷ್ಯ ಎನ್ನುತ್ತೇವೆ. ಹವಾಮಾನ ಇಲಾಖೆ ಕೊಡುವುದು ಮುನ್ಸೂಚನೆ. ಮುನ್ ಎಂದರೆ ಮೊದಲು; ಸೂಚನೆ ಎಂದರೆ ಸುಳಿವು. ಗಾಳಿ, ಮೋಡ, ತೇವಾಂಶ, ಒತ್ತಡಗಳನ್ನು ಅಳೆದು, ‘ಹೀಗಾಗುವ ಸಂಭವ ಹೆಚ್ಚು’ ಎಂದು ತಿಳಿಸುವುದೇ ಮುನ್ಸೂಚನೆ. ಅದು ವಾಗ್ದಾನವಲ್ಲ.

ಅದರಲ್ಲಿನ ಒಂದೊಂದು ಮಾತಿಗೂ ಅಳತೆ ಇದೆ. ‘ಒಂದೆರಡು ಕಡೆ ಮಳೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡಾ 25ರವರೆಗೆ ಮಾತ್ರ ಮಳೆಯ ನಿರೀಕ್ಷೆ. ‘ಬಹುತೇಕ ಕಡೆ’ ಎಂದರೆ ಶೇಕಡಾ 75ಕ್ಕೂ ಹೆಚ್ಚು ಕೇಂದ್ರಗಳಲ್ಲಿ. ‘ಭಾರಿ ಮಳೆ’ ಎಂದರೆ 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಇನ್ನು ಬಣ್ಣಗಳು: ಹಳದಿಯಾದರೆ ಗಮನವಿಡಿ, ಕಿತ್ತಳೆಯಾದರೆ ಸಿದ್ಧರಾಗಿರಿ, ಕೆಂಪಾದರೆ ಕೂಡಲೇ ಕ್ರಮ ಕೈಗೊಳ್ಳಿ.

ಅಮದಳ್ಳಿಯ ಒಂದು ಕಡೆ ಕಡಲು, ಹಿಂದೆ ಗುಡ್ಡ. ಕಡಲ ತೇವದ ಗಾಳಿ ಗುಡ್ಡಕ್ಕೆ ತಗುಲಿ ಮೇಲೇರುವಲ್ಲಿ ಮಳೆ ಹೆಚ್ಚು. ಆದ್ದರಿಂದ ಪಕ್ಕದ ಊರಿನಲ್ಲಿ ಸುರಿದ ಮಳೆ ನಿಮ್ಮಲ್ಲಿ ಬಾರದಿರಬಹುದು. ಜಿಲ್ಲೆಗೆ ಕೊಟ್ಟ ಮುನ್ಸೂಚನೆ ಅಷ್ಟಕ್ಕೇ ಸುಳ್ಳಾಗದು.

ಹಾಗಾದರೆ ಏನು ಮಾಡಬೇಕು? ಮಳೆ ಬರುವುದೋ ಇಲ್ಲವೋ ಎಂದಷ್ಟೇ ಕೇಳಬೇಡಿ. ಬಂದರೆ ಎಷ್ಟು ನಷ್ಟ, ಕಾದರೆ ಎಷ್ಟು ನಷ್ಟ ಎಂದು ಲೆಕ್ಕ ಹಾಕಿ. ಹತ್ತರಲ್ಲಿ ಮೂರು ಪಾಲು ಸಂಭವವಿದ್ದರೂ ಕೊಯ್ದ ಪೈರನ್ನು ಗದ್ದೆಯಲ್ಲಿ ಬಿಡಬೇಡಿ. ಆ ದಿನ ಹೊತ್ತು ತಂದು ಮುಚ್ಚಿಡಲು ಸಾಧ್ಯವಾಗುವಷ್ಟನ್ನೇ ಕೊಯ್ಯಿರಿ. ಹಾಗೆಂದು ಬಹಳ ದಿನ ಕಾಯುವುದೂ ಸರಿಯಲ್ಲ. ಮಾಗಿದ ಕಾಳು ಉದುರುತ್ತದೆ. ಗೊಬ್ಬರ ಹಾಕುವಾಗ, ಔಷಧಿ ಸಿಂಪಡಿಸುವಾಗಲೂ ಇದೇ ಲೆಕ್ಕ ಅನ್ವಯಿಸುತ್ತದೆ.

ಹಿರಿಯರ ಮಳೆನಕ್ಷತ್ರದ ಲೆಕ್ಕವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಅದು ಹಂಗಾಮಿನ ಅನುಭವ. ಮುನ್ಸೂಚನೆ ಈ ವಾರದ ಅಳತೆ. ಎರಡನ್ನೂ ನೋಡಿ, ತೀರ್ಮಾನವನ್ನು ನೀವೇ ಮಾಡಿ. ಒಮ್ಮೆ ತಪ್ಪಿತೆಂದು ಮುನ್ಸೂಚನೆಯನ್ನು ಕೇಳುವುದನ್ನು ಮಾತ್ರ ನಿಲ್ಲಿಸಬೇಡಿ.