ಆರತಿ ನೀರಿನ ಕೆಮಿಸ್ಟ್ರಿ

ನಾನು 14 ವರ್ಷದಿಂದ ಪುಣೆಯಲ್ಲಿದ್ದೀನಿ. ವಾರಪೂರ್ತಿ ಸಾಫ್ಟ್‌ವೇರ್ ಕೆಲಸ, ಭಾನುವಾರ ಬೆಳಿಗ್ಗೆ ನಮ್ಮ ಸೊಸೈಟಿಯ ಕನ್ನಡದ ಮಕ್ಕಳಿಗೆ ವಿಜ್ಞಾನ ಪಾಠ. ನಾನು ಮೇಷ್ಟ್ರಾಗೋಕೆ ಕಾರಣ ನನ್ನ ಮಗಳು.

ಅವಳು ಹತ್ತನೇ ಕ್ಲಾಸ್. ಎನ್‌ಸಿಇಆರ್‌ಟಿ ಪುಸ್ತಕದ ಎರಡನೇ ಅಧ್ಯಾಯ: ಆಮ್ಲ, ಪ್ರತ್ಯಾಮ್ಲ, ಲವಣ. ಒಂದು ರಾತ್ರಿ ಕೇಳಿದಳು, "ಅಪ್ಪ, ಇದನ್ನೆಲ್ಲ ಬಾಯಿಪಾಠ ಮಾಡಿದ್ರೆ ಸಾಕಲ್ವಾ?" ನಾನು, "ಸಾಕು ಪುಟ್ಟಿ, ಮಾರ್ಕ್ಸ್ ಬಂದ್ರೆ ಆಯ್ತು" ಅಂದುಬಿಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ನಾನೂ ಹೀಗೇ ಬಾಯಿಪಾಠ ಮಾಡಿ ಕೆಮಿಸ್ಟ್ರಿಯನ್ನ ಕಳ್ಕೊಂಡವನು.

ಮುಂದಿನ ಭಾನುವಾರ ಮೇಜಿನ ಮೇಲೆ ನಾಲ್ಕು ಗಾಜಿನ ಲೋಟ ಇಟ್ಟೆ. ಬರೀ ನೀರು, ನಿಂಬೆರಸ, ಬಟ್ಟೆ ಸೋಪಿನ ನೀರು, ಸುಣ್ಣದ ತಿಳಿ. ಎಲ್ಲದಕ್ಕೂ ಚಿಟಿಕೆ ಅರಿಶಿನ. ಸೋಪಿನ ನೀರು, ಸುಣ್ಣದ ತಿಳಿ ಎರಡೂ ಕೆಂಪಾದವು. "ಅಯ್ಯೋ, ಇದು ಅಜ್ಜಿ ಮಾಡೋ ಆರತಿ ನೀರು!" ಅಂದಳು ಮಗಳು. ಅದೇ. ಅರಿಶಿನದ ಕುರ್ಕ್ಯುಮಿನ್ ಪ್ರತ್ಯಾಮ್ಲದಲ್ಲಿ ಕೆಂಪಾಗುತ್ತೆ. ಅಜ್ಜಿಗೆ ಹೆಸರು ಗೊತ್ತಿಲ್ಲ, ಕೆಲಸ ಗೊತ್ತು.

ಆಗ ಒಬ್ಬ ಪುಟ್ಟ ಹುಡುಗ ಕೇಳಿದ, "ಅಂಕಲ್, ನೀರೂ ಹಳದಿ, ನಿಂಬೆರಸಾನೂ ಹಳದಿ. ಹಾಗಾದ್ರೆ ನೀರೂ ಆಮ್ಲಾನಾ?"

ಉತ್ತರ ನಾಲಿಗೆ ತುದಿಯಲ್ಲಿತ್ತು. ನುಂಗಿಕೊಂಡೆ. "ಅರಿಶಿನಕ್ಕೆ ಇವೆರಡರ ವ್ಯತ್ಯಾಸ ಗೊತ್ತಾಗಲ್ಲ. ಬೇರೆ ಯಾರನ್ನ ಕೇಳೋಣ?" ಅಂದೆ. ಮಕ್ಕಳು ಒಂದೊಂದನ್ನೇ ಹುಡುಕಿದರು. ಕೊನೆಗೆ ಗೆದ್ದಿದ್ದು ಗಾರ್ಡನ್ನಿನ ಕೆಂಪು ದಾಸವಾಳ. ಎಸಳನ್ನ ಬಿಸಿನೀರಲ್ಲಿ ನೆನೆಸಿದ ಬಣ್ಣ ನಿಂಬೆರಸದಲ್ಲಿ ಗಾಢ ಗುಲಾಬಿ, ಸುಣ್ಣದಲ್ಲಿ ಹಸಿರು. ನೀರಲ್ಲಿ ಎರಡೂ ಅಲ್ಲ. ಹುಡುಗನಿಗೆ ಉತ್ತರ ಸಿಕ್ತು, ನಾನು ಬಾಯಿ ಬಿಡದೇನೆ.

ಇನ್ನೊಬ್ಬಳು ಆರತಿ ನೀರಿಗೆ ನಿಂಬೆಹಣ್ಣು ಹಿಂಡಿದಳು. ಮತ್ತೆ ಹಳದಿ! ವಿಡಿಯೋ ಕಾಲ್‌ನಲ್ಲಿದ್ದ ನಮ್ಮಮ್ಮ ಅಂದರು, "ಕೆಂಪಾಗೋದು ಗೊತ್ತಿತ್ತು ಕಣೋ, ವಾಪಸ್ ಬರೋದು ಈಗ್ಲೇ ನೋಡಿದ್ದು."

ನೀವೂ ಮಾಡಿ ನೋಡಿ. ಒಂದು ಎಚ್ಚರಿಕೆ: ಸುಣ್ಣವನ್ನ ದೊಡ್ಡವರೇ ಮುಟ್ಟಬೇಕು, ಕಣ್ಣಿಗೆ ಬಿದ್ದರೆ ಅಪಾಯ. ಯಾವುದನ್ನೂ ರುಚಿ ನೋಡಬಾರದು. ಇನ್ನಷ್ಟು ಐಡಿಯಾ ಬೇಕಿದ್ದರೆ, ಇಲ್ಲೇ ಪುಣೆಯ ಅಯುಕಾದಲ್ಲಿ ಮಕ್ಕಳಿಗಾಗಿ ಕೆಲಸ ಮಾಡಿದ ಅರವಿಂದ ಗುಪ್ತಾ ಅವರ ವೆಬ್‌ಸೈಟಿದೆ. ಪುಸ್ತಕ, ವಿಡಿಯೋ ಎಲ್ಲ ಉಚಿತ. ಆದರೆ ವಿಡಿಯೋ ತೋರಿಸಿ ಸುಮ್ಮನಾಗಬೇಡಿ. ಲೋಟ ಮಕ್ಕಳ ಕೈಯಲ್ಲಿರಲಿ, ಉತ್ತರ ನಿಮ್ಮ ಬಾಯಲ್ಲೇ ಸ್ವಲ್ಪ ಹೊತ್ತು ಇರಲಿ.

ಮೊನ್ನೆ ಮಗಳು ಕೇಳಿದಳು, "ಅಪ್ಪ, ಹುಣಸೆಹಣ್ಣು ಹಚ್ಚಿದ್ರೆ ತಾಮ್ರದ ಚೊಂಬು ಯಾಕೆ ಫಳಫಳ ಅನ್ನುತ್ತೆ?"

ನಾನು ಉತ್ತರ ಹೇಳಲಿಲ್ಲ. ಹುಣಸೆಹಣ್ಣು ನೆನೆಹಾಕಿದೆ.